ಅಂಗೈಯಲ್ಲಿ ಆಡುವ ಗೇಮ್‌ಗಳಲ್ಲಿ ನಿಜವಾದ ಗ್ರೇಟ್ ಯಾವುದು?

"ಆಲ್ ಟೈಮ್ ಗ್ರೇಟ್" ಪಟ್ಟಿಗಳಿಗೇನೂ ಬರವಿಲ್ಲ. ಆದರೆ ಹ್ಯಾಂಡ್‌ಹೆಲ್ಡ್ ಗೇಮ್‌ಗಳ ಪಟ್ಟಿ ಮಾಡುವಾಗ ಬಹಳ ಜನ ಟಿವಿ ಗೇಮ್‌ಗಳ ಅಳತೆಗೋಲನ್ನೇ ಹಿಡಿದು ಕೂರುತ್ತಾರೆ. "ಇಷ್ಟು ಚಿಕ್ಕ ಡಬ್ಬಿಯಲ್ಲಿ ಇಷ್ಟೆಲ್ಲ ತುಂಬಿಸಿದ್ದಾರಲ್ಲ!" ಅಂತ ಬೆರಗಾಗಿ ಅಂಕ ಕೊಟ್ಟುಬಿಡುತ್ತಾರೆ. ಬೆರಗಿಗೂ ಆಟದ ಗುಣಕ್ಕೂ ಏನು ಸಂಬಂಧ? ಮುಂದಿನ ವರ್ಷ ಅದಕ್ಕಿಂತ ಜೋರಾದ ಡಬ್ಬಿ ಬರುತ್ತದೆ, ಬೆರಗು ಅಲ್ಲಿಗೆ ಮುಗಿಯುತ್ತದೆ.

ಹಾಗಾಗಿ ನನ್ನ ಜರಡಿ ಬೇರೆ. ಈ ಗೇಮನ್ನು ಕೈಯಿಂದ ಕಿತ್ತು ದೊಡ್ಡ ಟಿವಿಗೆ ಒಯ್ದರೆ ಏನಾದರೂ ಕಳೆದುಹೋಗುತ್ತಾ? ಕಳೆದುಹೋದರೆ ಅದು ಕೈಗಾಗಿಯೇ ಹುಟ್ಟಿದ ಗೇಮ್. ಇದು ಮೊದಲ ಪ್ರಶ್ನೆ. ಎರಡನೆಯದು, ಬಸ್ ಸ್ಟಾಪ್ ಬಂತು ಅಂದ ಕೂಡಲೇ ಜೇಬಿಗೆ ಹಾಕಿಕೊಂಡರೆ ಆಡಿದ್ದು ವ್ಯರ್ಥ ಆಗಬಾರದು. ಮೂರನೆಯದು, ಹಳೆಯ ನೆನಪುಗಳ ಹಂಗೇ ಇಲ್ಲದ ಹನ್ನೆರಡು ವರ್ಷದ ಹುಡುಗಿಗೆ ಇವತ್ತು ಕೊಟ್ಟರೂ ಅವಳು ಆಡಬೇಕು. ಕೊನೆಯ ಎರಡರಲ್ಲಿ ಸ್ವಲ್ಪ ಎಡವಿದರೆ ಪರವಾಗಿಲ್ಲ. ಮೊದಲನೆಯದರಲ್ಲಿ ಫೇಲಾದರೆ ನನ್ನ ಪಟ್ಟಿಯಲ್ಲಿ ಜಾಗ ಇಲ್ಲ.

ಈ ಲೆಕ್ಕದಲ್ಲಿ ಕೈಯಲ್ಲೂ ಆಡಬಹುದಾದ, ಟಿವಿಗೂ ಜೋಡಿಸಬಹುದಾದ ಸ್ವಿಚ್ ಮತ್ತು ಸ್ಟೀಮ್ ಡೆಕ್ ಯಂತ್ರಗಳ ಗೇಮ್‌ಗಳು ಹೊರಗುಳಿಯುತ್ತವೆ. 'ಬ್ರೆತ್ ಆಫ್ ದ ವೈಲ್ಡ್' ಅದ್ಭುತ ಗೇಮ್, ತಕರಾರಿಲ್ಲ. ಆದರೆ 2017ರಲ್ಲಿ ಅದು ಸ್ವಿಚ್ ಜೊತೆಗೆ ಟಿವಿಗೆ ಹಾಕುವ ವೀ-ಯುಗೂ ಅದೇ ದಿನ ಬಂತು. ಕೈಯಲ್ಲಿ ಹಿಡಿದು ಆಡಬಹುದು ಅನ್ನುವುದು ಬೇರೆ, ಕೈಯಲ್ಲೇ ಆಡಬೇಕು ಅನ್ನುವುದು ಬೇರೆ.

ಟೆಟ್ರಿಸ್ಸೋ, ಸ್ನೇಕೋ?

ಇಲ್ಲಿಂದಲೇ ಶುರು ಮಾಡಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಜನರ ಹೆಬ್ಬೆರಳು ಸವೆಸಿದ ಗೇಮ್‌ಗಳಲ್ಲಿ ಇವೆರಡಕ್ಕೂ ಜಾಗ ಇದೆ.

ಟೆಟ್ರಿಸ್ ಹುಟ್ಟಿದ್ದು ನಿಂಟೆಂಡೊ ಕಂಪನಿಯ ಅಂಗೈ ಯಂತ್ರ ಗೇಮ್ ಬಾಯ್‌ನಲ್ಲಿ ಅಲ್ಲ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಅದನ್ನು ಎಲೆಕ್ಟ್ರೋನಿಕಾ 60 ಅನ್ನುವ ಕಂಪ್ಯೂಟರಿನಲ್ಲಿ ಬರೆದರು. ಆ ಯಂತ್ರಕ್ಕೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ, ಬ್ರಾಕೆಟ್ ಚಿಹ್ನೆಗಳನ್ನೇ ಜೋಡಿಸಿ ಚೌಕ ಮಾಡಿದ್ದರು. 1989ರಲ್ಲಿ ವಿಡಿಯೋ ಗೇಮ್ ವ್ಯಾಪಾರಿ ಹೆಂಕ್ ರಾಜರ್ಸ್ ಮಾಸ್ಕೋಗೇ ಹೋಗಿ, ಸೋವಿಯತ್ ಸರ್ಕಾರದ ಸಂಸ್ಥೆಯ ಜೊತೆ ಮಾತಾಡಿ, ಹ್ಯಾಂಡ್‌ಹೆಲ್ಡ್ ಹಕ್ಕು ತಂದರು. ಅಮೆರಿಕದಲ್ಲಿ ಗೇಮ್ ಬಾಯ್ ಜೊತೆ ಮಾರಿಯೋ ಕೊಡಬೇಡಿ, ಟೆಟ್ರಿಸ್ ಕೊಡಿ ಅಂತ ನಿಂಟೆಂಡೊವನ್ನು ಒಪ್ಪಿಸಿದ್ದೂ ಅವರೇ. ಮಾರಿಯೋ ಕೊಟ್ಟರೆ ಹುಡುಗರು ಮಾತ್ರ ಕೊಳ್ಳುತ್ತಾರೆ, ಟೆಟ್ರಿಸ್ ಆದರೆ ಎಲ್ಲರೂ ಕೊಳ್ಳುತ್ತಾರೆ ಅನ್ನುವುದು ಅವರ ಲೆಕ್ಕ.

ಲೆಕ್ಕ ಸರಿಯಾಗಿತ್ತು. ಆದರೆ ಅದು ಗೇಮ್ ಬಾಯ್‌ಗೆ ಯಾಕೆ ಅಷ್ಟು ಹೊಂದಿಕೊಂಡಿತು ಅನ್ನುವುದು ಇನ್ನೂ ಸ್ವಾರಸ್ಯದ ವಿಷಯ. ಗೇಮ್ ಬಾಯ್ ಸ್ಕ್ರೀನ್ ಆ ಕಾಲಕ್ಕೂ ಕಳಪೆಯೇ. ಹಸಿರು ಬಣ್ಣದ ನಾಲ್ಕು ಛಾಯೆ, ಒಳಗೆ ಲೈಟ್ ಇಲ್ಲ. ಯಾವುದಾದರೂ ವೇಗವಾಗಿ ಓಡಿದರೆ ಹಿಂದೆ ಮಸುಕು ಬಾಲ ಎಳೆಯುತ್ತಿತ್ತು. ಮಾರಿಯೋ ಓಡಿದರೆ ಅದು ಕಣ್ಣಿಗೆ ಹೊಡೆಯುತ್ತದೆ. ಟೆಟ್ರಿಸ್ ಇಟ್ಟಿಗೆ ಓಡುವುದಿಲ್ಲ, ಒಂದೊಂದೇ ಮನೆ ಕೆಳಗೆ ಇಳಿಯುತ್ತದೆ. ಮಸುಕು ತಿಳಿಯುವುದೇ ಇಲ್ಲ. ಬಣ್ಣವೂ ಬೇಕಿಲ್ಲ, ಏಳು ಆಕಾರ ಗುರುತು ಸಿಕ್ಕರೆ ಸಾಕು. ಅದೇ ಹೊತ್ತಿಗೆ ಬಂದ ಅಟಾರಿ ಲಿಂಕ್ಸ್, ಸ್ವಲ್ಪ ತಡವಾಗಿ ಬಂದ ಸೇಗಾ ಗೇಮ್ ಗಿಯರ್, ಎರಡಕ್ಕೂ ಬಣ್ಣದ ಸ್ಕ್ರೀನ್ ಇತ್ತು. ಆರಾರು ಪೆನ್ಸಿಲ್ ಸೆಲ್ ನುಂಗಿ ಕೆಲವೇ ಗಂಟೆಯಲ್ಲಿ ಸುಸ್ತಾಗುತ್ತಿದ್ದವು. ಗೇಮ್ ಬಾಯ್ ನಾಲ್ಕು ಸೆಲ್‌ನಲ್ಲಿ ಹತ್ತು ಗಂಟೆಗೂ ಜಾಸ್ತಿ ನಡೆಯುತ್ತಿತ್ತು. ಅದನ್ನು ರೂಪಿಸಿದ ಗುನ್‌ಪೈ ಯೊಕೊಯಿ ಬೇಕಂತಲೇ ಹಳೆಯ, ಅಗ್ಗದ, ಪಳಗಿದ ತಂತ್ರಜ್ಞಾನವನ್ನು ಆರಿಸಿಕೊಳ್ಳುತ್ತಿದ್ದ ಮನುಷ್ಯ.

ಇವತ್ತಿನ ಮೊಬೈಲ್ ಟೆಟ್ರಿಸ್ ಆಡಿದವರು ಗೇಮ್ ಬಾಯ್ ಟೆಟ್ರಿಸ್ ಆಡಿದರೆ ಮೊದಲು ಬೈಯುತ್ತಾರೆ. ಬೇಡದ ತುಂಡನ್ನು ಪಕ್ಕಕ್ಕಿಟ್ಟುಕೊಳ್ಳುವ ಹಾಗಿಲ್ಲ. ಎಲ್ಲಿ ಬೀಳುತ್ತೆ ಅಂತ ತೋರಿಸುವ ನೆರಳಿಲ್ಲ. ನೆಲ ಮುಟ್ಟಿದ ಮೇಲೂ ಸುತ್ತಿಸುತ್ತಾ ಟೈಂಪಾಸ್ ಮಾಡುವ ಹಾಗಿಲ್ಲ. ಮುಂದಿನ ತುಂಡು ಒಂದೇ ಒಂದು ಕಾಣಿಸುತ್ತದೆ, ಅಷ್ಟೇ. ನನಗೆ ಇದೇ ಇಷ್ಟ. ಉದ್ದ ಕಡ್ಡಿಗಾಗಿ ಬಲಗಡೆ ಒಂದು ಸಾಲು ಖಾಲಿ ಬಿಟ್ಟುಕೊಂಡು ಕಾಯುತ್ತಿರುವಾಗ ಒಂದಾದ ಮೇಲೊಂದು ಅಂಕುಡೊಂಕು ತುಂಡೇ ಬಂದರೆ ಆಗುವ ಸಂಕಟ, ಹೊಸ ಟೆಟ್ರಿಸ್‌ಗಳಲ್ಲಿ ಅರ್ಧ ಕರಗಿಹೋಗಿದೆ. ಎರಡು ಗೇಮ್ ಬಾಯ್ ನಡುವೆ ಕೇಬಲ್ ಹಾಕಿ ಇಬ್ಬರು ಆಡಿದರೆ ಇನ್ನೂ ಮಜಾ. ನೀವು ನಾಲ್ಕು ಸಾಲು ಒಟ್ಟಿಗೆ ಅಳಿಸಿದರೆ ಎದುರಿನವರ ತಳದಿಂದ ನಾಲ್ಕು ಸಾಲು ಕಸ ಮೇಲೇಳುತ್ತದೆ. ಒಂದೇ ಒಂದು ಕೊರತೆ: ಯಂತ್ರಕ್ಕೆ ಸಿಕ್ಕಿಸುವ ಗೇಮ್ ಕಾರ್ಟ್ರಿಡ್ಜ್‌ನಲ್ಲಿ ಸೇವ್ ಇಲ್ಲ. ಯಂತ್ರ ಆಫ್ ಮಾಡಿದರೆ ನಿಮ್ಮ ದಾಖಲೆ ಸ್ಕೋರ್ ಹೋಯಿತು. ಸ್ಕೋರ್ ತೋರಿಸಿ ಬೀಗುವುದಾದರೆ ಆಫ್ ಮಾಡುವ ಮೊದಲೇ ಯಾರನ್ನಾದರೂ ಕರೆದು ತೋರಿಸಬೇಕು.

1993ರಲ್ಲಿ ರಷ್ಯಾದ ಗಗನಯಾತ್ರಿ ಅಲೆಕ್ಸಾಂಡರ್ ಸೆರೆಬ್ರೋವ್ ಈ ಗೇಮನ್ನು ಮೀರ್ ಬಾಹ್ಯಾಕಾಶ ನಿಲ್ದಾಣಕ್ಕೂ ಒಯ್ದಿದ್ದರು. ಹ್ಯಾಂಡ್‌ಹೆಲ್ಡ್ ಅಂದರೆ ಎಲ್ಲಿಗಾದರೂ ಒಯ್ಯಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನು ಸ್ನೇಕ್. 1997ರ ನೋಕಿಯಾ 6110ಕ್ಕಾಗಿ ತಾನೆಲಿ ಅರ್ಮಾಂಟೊ ಬರೆದದ್ದು. ಹಾವಿನ ಐಡಿಯಾ ಅವರದಲ್ಲ, 1976ರ 'ಬ್ಲಾಕೇಡ್' ಅನ್ನುವ ಆರ್ಕೇಡ್ ಗೇಮ್‌ನ ವಂಶದ್ದು. ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು 3310 ಮತ್ತು 1100ರಲ್ಲಿದ್ದ ಸ್ನೇಕ್ 2. 2, 4, 6, 8 ಗುಂಡಿ ಒತ್ತಿ, ಮನೆಯವರ ಫೋನ್ ಚಾರ್ಜ್ ಖಾಲಿ ಮಾಡಿ ಬೈಸಿಕೊಂಡವರು ಈ ರಾಜ್ಯದಲ್ಲಿ ಲಕ್ಷಗಟ್ಟಲೆ ಇರಬೇಕು. ಗೇಮ್ ಬಾಯ್ ಹೆಸರೇ ಕೇಳದ ಊರುಗಳಿಗೂ ಸ್ನೇಕ್ ಹೋಯಿತು.

ಹರಡಿದ ರೀತಿ ನೋಡಿದರೆ ಸ್ನೇಕ್ ದೊಡ್ಡದು. ಆಟ ನೋಡಿದರೆ ಟೆಟ್ರಿಸ್ ಬಹಳ ಮೇಲೆ. ಸ್ನೇಕ್‌ನಲ್ಲಿ ಚೆನ್ನಾಗಿ ಆಡುವವನಿಗೆ ಒಂದು ಹಂತದ ಮೇಲೆ ಉಳಿಯುವುದು ಗೋಡೆ ಪಕ್ಕ ಸಾಲು ಸಾಲಾಗಿ ಹಾವು ಹೊರಳಿಸುವ ಕೆಲಸ ಮಾತ್ರ. ತಪ್ಪು ಮಾಡುವವರೆಗೂ ಕಾಯಬೇಕು. ಟೆಟ್ರಿಸ್‌ನಲ್ಲಿ ತಪ್ಪು ಮಾಡಿದ ಮೇಲೆ ಅದನ್ನು ಸರಿಪಡಿಸುವುದೇ ಆಟ. ಸ್ನೇಕ್‌ಗೂ ಪಟ್ಟಿಯಲ್ಲಿ ಜಾಗ ಇದೆ, ಕೊನೆಯ ಬೆಂಚಿನಲ್ಲಿ.

ಜಾತ್ರೆಯ ಅಂಗಡಿಗಳಲ್ಲಿ ಸಿಗುತ್ತಿದ್ದ "9999 ಇನ್ 1" ಬ್ರಿಕ್ ಗೇಮ್ ನೆನಪಿದೆಯಾ? ಒಂಬತ್ತು ಸಾವಿರ ಗೇಮ್ ಎಲ್ಲಿತ್ತೋ ದೇವರಿಗೇ ಗೊತ್ತು. ಒಳಗಿದ್ದದ್ದು ಟೆಟ್ರಿಸ್, ಹಾವು, ಕಾರು, ಟ್ಯಾಂಕು, ಅವುಗಳದ್ದೇ ವೇಗ ಬದಲಿಸಿದ ಮರಿಗಳು. ಆದರೂ ನಮ್ಮ ಕಡೆ ಬಹಳ ಮಕ್ಕಳು ಟೆಟ್ರಿಸ್ ಕಲಿತದ್ದು ಅದರಲ್ಲೇ.

ಜೆಲ್ಡಾ: ಎರಡೇ ಬಟನ್‌ನ ಕನಸು

'ಲಿಂಕ್ಸ್ ಅವೇಕನಿಂಗ್' (1993), 'ಮಿನಿಷ್ ಕ್ಯಾಪ್' (2004), 'ಎ ಲಿಂಕ್ ಬಿಟ್ವೀನ್ ವರ್ಲ್ಡ್ಸ್' (2013). ಲಿಂಕ್ ಅನ್ನುವ ಹುಡುಗ ನಾಯಕನಾಗಿರುವ ಜೆಲ್ಡಾ ಸಾಹಸ ಸರಣಿಯ ಹ್ಯಾಂಡ್‌ಹೆಲ್ಡ್ ಗೇಮ್‌ಗಳಲ್ಲಿ ಪೈಪೋಟಿ ಇರುವುದು ಈ ಮೂರರ ನಡುವೆ. ಮೂರೂ ಚೆನ್ನಾಗಿವೆ. ಗ್ರೇಟ್ ಅನ್ನಬಹುದಾದದ್ದು ಮೊದಲನೆಯದು ಮಾತ್ರ.

ಅದು ಶುರುವಾದದ್ದೇ ಆಫೀಸ್ ಕೆಲಸ ಮುಗಿದ ಮೇಲೆ, ನಿಂಟೆಂಡೊದ ಕೆಲವು ಪ್ರೋಗ್ರಾಮರ್‌ಗಳು ಗೇಮ್ ಬಾಯ್‌ನಲ್ಲಿ ಏನೇನು ಮಾಡಬಹುದು ಅಂತ ಸುಮ್ನೆ ಪ್ರಯತ್ನಿಸಿದ್ದರಿಂದ. ಆಮೇಲೆ ತಕಾಶಿ ತೆಜುಕಾ ನಿರ್ದೇಶಕರಾದರು. ಹುಡುಗಾಟದ ಆ ಗುಣ ಗೇಮ್ ತುಂಬ ಇದೆ. ಮಾರಿಯೋ ಗೇಮ್‌ನ ಶತ್ರುಗಳು ಇಲ್ಲಿ ಓಡಾಡುತ್ತಾರೆ. ರಾಜಕುಮಾರಿ ಜೆಲ್ಡಾ ಕಣ್ಣಿಗೇ ಬೀಳುವುದಿಲ್ಲ. ಲಿಂಕ್ ಕೊಹೊಲಿಂಟ್ ಅನ್ನುವ ದ್ವೀಪದಲ್ಲಿ ಸಿಕ್ಕಿಬೀಳುತ್ತಾನೆ. ಬೆಟ್ಟದ ತುದಿಯಲ್ಲೊಂದು ದೊಡ್ಡ ಮೊಟ್ಟೆ ಇದೆ. ಅದರೊಳಗೆ ಮಲಗಿರುವ ವಿಂಡ್ ಫಿಶ್‌ನ್ನು ಎಬ್ಬಿಸಿದರೆ ಮನೆಗೆ ದಾರಿ. ಎಬ್ಬಿಸಿದರೆ ಇನ್ನೇನಾಗುತ್ತೆ ಅನ್ನುವುದನ್ನು ನಾನು ಹೇಳುವುದಿಲ್ಲ. ಇಷ್ಟು ಹಗುರವಾಗಿ ಶುರುವಾಗುವ ಗೇಮ್ ಅಷ್ಟು ಭಾರವಾಗಿ ಮುಗಿಯುತ್ತದೆ ಅಂತ ಯಾರೂ ಅಂದುಕೊಂಡಿರುವುದಿಲ್ಲ.

ಒಂದು ಚಿಕ್ಕ ಉದಾಹರಣೆ ಕೊಡುತ್ತೇನೆ. ಹಳ್ಳಿಯ ಅಂಗಡಿಯಲ್ಲಿ ಬಿಲ್ಲು ತುಂಬಾ ದುಬಾರಿ. ಸಾಮಾನು ಎತ್ತಿಕೊಂಡು ಅಂಗಡಿಯವನ ಸುತ್ತ ಓಡಾಡಿ, ಅವನು ಬೇರೆ ಕಡೆ ಮುಖ ಮಾಡಿದಾಗ ಬಾಗಿಲಿಗೆ ನುಗ್ಗಿದರೆ ಕದಿಯಬಹುದು. ಗೇಮ್ ತಡೆಯುವುದಿಲ್ಲ. ಆದರೆ ಅಲ್ಲಿಂದ ಮುಂದೆ ಊರಿನವರೆಲ್ಲ ನಿಮ್ಮನ್ನು ಕರೆಯುವುದು "ಕಳ್ಳ" ಅಂತಲೇ, ನೀವಿಟ್ಟುಕೊಂಡ ಹೆಸರು ಹೋಯಿತು. ಮತ್ತೆ ಆ ಅಂಗಡಿಗೆ ಕಾಲಿಟ್ಟರೆ ಅಂಗಡಿಯವನು ಸಿಡಿಲು ಬಡಿದ ಹಾಗೆ ಹೊಡೆದು ಸಾಯಿಸುತ್ತಾನೆ. ಇಷ್ಟೆಲ್ಲ ನಾಲ್ಕು ಛಾಯೆಯ ಸ್ಕ್ರೀನ್‌ನಲ್ಲಿ, 1993ರಲ್ಲಿ!

ಜರಡಿ ಪ್ರಶ್ನೆಗೆ ಬರೋಣ. 2019ರಲ್ಲಿ ಇದರ ಹೊಸ ರೂಪ ಸ್ವಿಚ್‌ಗೆ ಬಂತು. ಆಟಿಕೆಯಂಥ ಚಂದದ ಗೊಂಬೆಗಳು, ಹೊಳಪು, ಬೇಕಾದಷ್ಟು ಬಟನ್. ಆಡಲು ಅದೇ ಸುಲಭ, ಒಪ್ಪುತ್ತೇನೆ. ಹಳೆಯದರಲ್ಲಿ ಎ ಮತ್ತು ಬಿ ಎರಡೇ ಬಟನ್, ಕತ್ತಿ, ಗುರಾಣಿ, ಬಿಲ್ಲು, ಬಾಂಬು ಎಲ್ಲವನ್ನೂ ಅವೆರಡಕ್ಕೇ ಹೊಂದಿಸಬೇಕು. ಮೆನು ತೆರೆದು ಮುಚ್ಚಿ ಕೈ ಸೋಲುತ್ತದೆ. ಆದರೆ ಆ ಕೊರತೆಯಲ್ಲೇ ಒಂದು ಲೆಕ್ಕಾಚಾರ ಇದೆ. ಗುರಾಣಿ ತೆಗೆದು ಗರಿ ಹಾಕಿಕೊಂಡರೆ ಹಾರಬಹುದು, ಏಟು ತಡೆಯುವ ಹಾಗಿಲ್ಲ. ಇನ್ನೊಂದು ವಿಷಯ: ಹಳೆಯದರಲ್ಲಿ ದ್ವೀಪ ಅಂದರೆ ಅಡ್ಡ ಹದಿನಾರು, ಉದ್ದ ಹದಿನಾರು ಪುಟ್ಟ ಪರದೆಗಳು. ಒಂದೊಂದೂ ಒಂದು ಕೋಣೆ ಇದ್ದ ಹಾಗೆ. ಪಕ್ಕದ ಪರದೆಯಲ್ಲಿ ಏನಿದೆ ಅಂತ ಕಾಲಿಟ್ಟ ಮೇಲೇ ಗೊತ್ತು. ಹೊಸದರಲ್ಲಿ ದ್ವೀಪ ಒಂದೇ ಸಮ ಸರಿಯುತ್ತದೆ. ನೋಡಲು ಚಂದ, ಆದರೆ ಆ ಕುತೂಹಲ ಇಲ್ಲ. ಎ, ಬಿ, ಸ್ಟಾರ್ಟ್, ಸೆಲೆಕ್ಟ್ ನಾಲ್ಕೂ ಒಟ್ಟಿಗೆ ಒತ್ತಿದರೆ ಎಲ್ಲಿ ಬೇಕಾದರೂ ಸೇವ್ ಆಗುತ್ತದೆ, ಹಾಗಾಗಿ ಎರಡನೇ ಪ್ರಶ್ನೆಯಲ್ಲೂ ಪಾಸು.

'ಮಿನಿಷ್ ಕ್ಯಾಪ್' ಚಿಕ್ಕದು, ಮುದ್ದಾದದ್ದು, ಮಕ್ಕಳಿಗೆ ಕೊಡಲು ಒಳ್ಳೆಯದು. 'ಎ ಲಿಂಕ್ ಬಿಟ್ವೀನ್ ವರ್ಲ್ಡ್ಸ್' ಆಡಲು ನುಣುಪು, ಲಿಂಕ್ ಗೋಡೆಯ ಮೇಲೆ ಚಿತ್ರವಾಗಿ ಅಂಟಿಕೊಂಡು ನಡೆಯುವುದು ಭಲೇ ಐಡಿಯಾ. ಆದರೆ ಅದರ ಅರ್ಧ ಜೀವ 1991ರ ಸೂಪರ್ ನಿಂಟೆಂಡೊ ಗೇಮ್‌ನಿಂದ ಬಂದದ್ದು.

ಪೋಕೆಮಾನ್: ರೆಡ್, ಗೋಲ್ಡ್, ಎಮರಾಲ್ಡ್

ಪಟ್ಟಿಯಲ್ಲಿ ಪೋಕೆಮಾನ್ ಇರಬೇಕಾ ಅನ್ನುವುದು ಪ್ರಶ್ನೆಯೇ ಅಲ್ಲ. ಯಾವ ಪೋಕೆಮಾನ್ ಅನ್ನುವುದೇ ಜಗಳ.

ಪೋಕೆಮಾನ್ ಸೃಷ್ಟಿಸಿದ ಸತೋಶಿ ತಾಜಿರಿ ಚಿಕ್ಕಂದಿನಲ್ಲಿ ಟೋಕಿಯೋ ಹೊರವಲಯದಲ್ಲಿ ಹುಳ ಹಿಡಿದು ಸಂಗ್ರಹಿಸುತ್ತಿದ್ದವರು. ಗೇಮ್ ಬಾಯ್‌ನ ಕೇಬಲ್ ನೋಡಿದಾಗ ಅದರೊಳಗೆ ಹುಳಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ ತೆವಳಿಕೊಂಡು ಹೋಗುವ ಚಿತ್ರ ಅವರ ತಲೆಗೆ ಬಂತು. ಅಷ್ಟು ಹೊತ್ತಿಗೆ ಎಲ್ಲರೂ ಕೇಬಲ್ ಬಳಸುತ್ತಿದ್ದದ್ದು ಎದುರಾಳಿಯ ಜೊತೆ ಸೆಣಸಲು. ತಾಜಿರಿ ಅದನ್ನು ಕೊಡು-ಕೊಳ್ಳುವಿಕೆಗೆ ತಿರುಗಿಸಿದರು. 1996ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ರೆಡ್ ಮತ್ತು ಗ್ರೀನ್ ಬಂದವು. ಒಂದರಲ್ಲಿ ಹಿಡಿಯಲು ಸಿಗುವ ಕೆಲವು ಪೋಕೆಮಾನ್ ಪ್ರಾಣಿಗಳು ಇನ್ನೊಂದರಲ್ಲಿ ಸಿಗುವುದಿಲ್ಲ. ಹಾಂಟರ್, ಕಡಾಬ್ರಾ, ಮಚೋಕ್ ಥರದವು ಇನ್ನೊಬ್ಬರಿಗೆ ಕೊಟ್ಟರೆ ಮಾತ್ರ ಮುಂದಿನ ರೂಪಕ್ಕೆ ಬೆಳೆಯುತ್ತವೆ. ಅಂದರೆ ಒಬ್ಬನೇ ಕೂತು ಪೂರ್ತಿ ಮುಗಿಸುವ ಹಾಗೇ ಇಲ್ಲ. ಸ್ನೇಹಿತ ಬೇಕೇ ಬೇಕು. ಟಿವಿ ಗೇಮ್‌ನಲ್ಲಿ ಇದು ಸಾಧ್ಯವೇ ಇರಲಿಲ್ಲ, ಪ್ರತಿಯೊಬ್ಬರೂ ತಮ್ಮ ಯಂತ್ರ ಜೇಬಲ್ಲಿಟ್ಟುಕೊಂಡು ಬರಬೇಕಲ್ಲ. ಜರಡಿಯಲ್ಲಿ ಇದಕ್ಕಿಂತ ಚೆನ್ನಾಗಿ ನಿಲ್ಲುವ ಗೇಮ್ ಇಲ್ಲ.

ಹಾಗಿದ್ದೂ ರೆಡ್ ಇವತ್ತು ಆಡಲು ಕಷ್ಟ. ನಿಧಾನ, ಮೆನು ಗೋಜಲು, ಬಗ್‌ಗಳ ಸಂತೆ. ಭೂತದ ಏಟು ಮಾನಸಿಕ ಶಕ್ತಿಯ ಪೋಕೆಮಾನ್‌ಗೆ ಜೋರಾಗಿ ತಾಗಬೇಕು ಅಂತ ಗೇಮ್ ಒಳಗಿನ ಪಾತ್ರಗಳೇ ಹೇಳುತ್ತವೆ, ನಿಜವಾಗಿ ತಾಗುವುದೇ ಇಲ್ಲ. ಸಿನ್ನಬಾರ್ ದ್ವೀಪದ ಕರಾವಳಿಯಲ್ಲಿ ಮಿಸಿಂಗ್‌ನೋ ಅನ್ನುವ ಚಿಂದಿ ಚಿಂದಿ ಆಕೃತಿ ಎದುರಾಗಿ ಚೀಲದ ಆರನೇ ಸಾಮಾನು ರಾಶಿ ಬೀಳುತ್ತದೆ. ಅದು ಬಗ್ಗೇ ಆದರೂ ಮಕ್ಕಳು ಅದನ್ನು ವರ ಅಂತಲೇ ತಿಳಿದರು.

1999ರ ಗೋಲ್ಡ್ ಮತ್ತು ಸಿಲ್ವರ್‌ಗೆ ನನ್ನ ಓಟು. ಕಾರ್ಟ್ರಿಡ್ಜ್ ಒಳಗೆ ಗಡಿಯಾರ ಇದೆ. ರಾತ್ರಿ ಆದರೆ ಗೇಮ್‌ನಲ್ಲೂ ರಾತ್ರಿ, ಗೂಬೆ ಬರುತ್ತದೆ. ಹುಳ ಹಿಡಿಯುವ ಸ್ಪರ್ಧೆ ಮಂಗಳವಾರ, ಗುರುವಾರ, ಶನಿವಾರ ಮಾತ್ರ. ಯೂನಿಯನ್ ಗುಹೆಯಲ್ಲಿ ಲಾಪ್ರಸ್ ಬರುವುದು ಶುಕ್ರವಾರ. ಯಂತ್ರ ಜೇಬಿನಲ್ಲೇ ಇರುವುದರಿಂದ ಈ ಕ್ಯಾಲೆಂಡರ್‌ಗೆ ಅರ್ಥ ಇದೆ. ಕಥೆ ಮುಗಿಯಿತು ಅಂದುಕೊಂಡಾಗ ಹಳೆಯ ಗೇಮ್‌ನ ಇಡೀ ಪ್ರದೇಶ ತೆರೆದುಕೊಳ್ಳುತ್ತದೆ, ಗೆಲ್ಲಲು ಇನ್ನೂ ಎಂಟು ಬ್ಯಾಡ್ಜ್. ಕೊನೆಯಲ್ಲಿ ಸಿಲ್ವರ್ ಬೆಟ್ಟದ ಗುಹೆಯಲ್ಲಿ ಒಬ್ಬ ನಿಂತಿರುತ್ತಾನೆ. ಹೋದ ಸಲ ನೀವೇ ಆಡಿಸಿದ ಹುಡುಗ, ರೆಡ್. ಮಾತಾಡುವುದಿಲ್ಲ, ನೇರ ಕಾಳಗಕ್ಕೇ ನಿಲ್ಲುತ್ತಾನೆ.

ನಮ್ಮ ಕಡೆಯ ಬಹಳ ಜನ ಬೇರೆ ದಾರಿಯಲ್ಲಿ ಬಂದವರು. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಪೋಕೆಮಾನ್ ನೋಡಿ, ಗೇಮ್ ಬಾಯ್‌ನ ಮುಂದಿನ ಯಂತ್ರವಾದ ಗೇಮ್ ಬಾಯ್ ಅಡ್ವಾನ್ಸ್ ಕಣ್ಣಲ್ಲೂ ನೋಡದೆ, ಮನೆಯ ಕಂಪ್ಯೂಟರಿನಲ್ಲೋ ಸೈಬರ್ ಕೆಫೆಯಲ್ಲೋ ಎಮ್ಯುಲೇಟರ್ (ಆ ಯಂತ್ರದ ಗೇಮನ್ನು ಕಂಪ್ಯೂಟರಿನಲ್ಲಿ ಓಡಿಸುವ ಸಾಫ್ಟ್‌ವೇರ್) ಹಾಕಿ ಫೈರ್‌ರೆಡ್ (2004) ಅಥವಾ ಎಮರಾಲ್ಡ್ ಆಡಿದವರು. ಅವರಿಗೆ ಅದೇ ಶ್ರೇಷ್ಠ, ಜಗಳ ಆಡಿ ಪ್ರಯೋಜನ ಇಲ್ಲ. ಎಮರಾಲ್ಡ್‌ನಲ್ಲಿ ಕಥೆ ಮುಗಿದ ಮೇಲೆ ಸಿಗುವ ಕಾಳಗದ ತಾಣ ಬ್ಯಾಟಲ್ ಫ್ರಾಂಟಿಯರ್ ನಿಜಕ್ಕೂ ಗಟ್ಟಿ ಸರಕು. ಆದರೆ ಕೀಬೋರ್ಡಿನಲ್ಲಿ ಫಾಸ್ಟ್ ಫಾರ್ವರ್ಡ್ ಒತ್ತಿಕೊಂಡು ಆಡಿದರೆ ಕೇಬಲ್ ಇಲ್ಲ, ಸ್ನೇಹಿತ ಇಲ್ಲ, ಹಾಂಟರ್ ಹಾಂಟರ್ ಆಗಿಯೇ ಉಳಿಯುತ್ತದೆ.

ಹೊಸದಾಗಿ ಶುರು ಮಾಡುವವರಿಗೆ ನಿಂಟೆಂಡೊದ ಎರಡು ಪರದೆಯ ಯಂತ್ರ ಡಿಎಸ್‌ನ ಹಾರ್ಟ್‌ಗೋಲ್ಡ್ ಅಥವಾ ಸೋಲ್‌ಸಿಲ್ವರ್ (2009). ಗೋಲ್ಡ್‌ನದೇ ಕಥೆ, ಹಿಡಿದ ಪೋಕೆಮಾನ್ ಹಿಂದೆ ಹಿಂದೆ ನಡೆದುಕೊಂಡು ಬರುತ್ತದೆ. ಸೆಕೆಂಡ್ ಹ್ಯಾಂಡ್ ಬೆಲೆ ಮಾತ್ರ ಜೋರಾಗಿದೆ.

ಯುದ್ಧದ ಗೇಮ್‌ಗಳು

'ಅಡ್ವಾನ್ಸ್ ವಾರ್ಸ್' ಮತ್ತು 'ಫೈರ್ ಎಂಬ್ಲಮ್', ಎರಡೂ ಇಂಟೆಲಿಜೆಂಟ್ ಸಿಸ್ಟಮ್ಸ್ ತಂಡದ್ದೇ. ಎರಡೂ ಚದುರಂಗದ ಸೋದರಸಂಬಂಧಿಗಳು. ವ್ಯತ್ಯಾಸ ಒಂದೇ: ಅಡ್ವಾನ್ಸ್ ವಾರ್ಸ್‌ನಲ್ಲಿ ಟ್ಯಾಂಕ್ ಹೋದರೆ ದುಡ್ಡು ಕೊಟ್ಟು ಇನ್ನೊಂದು ಮಾಡಿಸಿಕೊಳ್ಳಬಹುದು. ಫೈರ್ ಎಂಬ್ಲಮ್‌ನಲ್ಲಿ ಸತ್ತವರು ಸತ್ತರು, ಅವರಿಗೆ ಹೆಸರಿದೆ, ಮನೆಯಿದೆ, ಮತ್ತೆ ಬರುವುದಿಲ್ಲ. ಮಧ್ಯದಲ್ಲಿ ಆಫ್ ಮಾಡಿದರೂ ಬಿಟ್ಟಲ್ಲಿಂದಲೇ ಶುರು, ಮೋಸಕ್ಕೆ ಜಾಗ ಕಮ್ಮಿ.

ಲೆಕ್ಕಾಚಾರ ಇಷ್ಟಪಡುವವರು ಅಡ್ವಾನ್ಸ್ ವಾರ್ಸ್ ತೆಗೆದುಕೊಳ್ಳಿ, ಪಾತ್ರಗಳ ಮೇಲೆ ಪ್ರೀತಿ ಬೆಳೆಸಿಕೊಳ್ಳುವವರು ಫೈರ್ ಎಂಬ್ಲಮ್. ಪಟ್ಟಿಗೆ ಒಂದೇ ಆರಿಸಬೇಕಾದರೆ ನನ್ನದು ಅಡ್ವಾನ್ಸ್ ವಾರ್ಸ್. ನಾಲ್ಕು ಜನ ಒಂದೇ ಗೇಮ್ ಬಾಯ್ ಅಡ್ವಾನ್ಸ್ ಅನ್ನು ಕೈಯಿಂದ ಕೈಗೆ ದಾಟಿಸಿ ಆಡಬಹುದು, ರೈಲಿನಲ್ಲಿ ಇಸ್ಪೀಟ್ ಆಡಿದಷ್ಟೇ ಸಲೀಸು. ಪಾಪ, ಅದರ ನಸೀಬು ಮಾತ್ರ ವಿಚಿತ್ರ. ಅಮೆರಿಕದಲ್ಲಿ ಬಿಡುಗಡೆಯಾದದ್ದು 2001ರ ಸೆಪ್ಟೆಂಬರ್ 10ರಂದು. ಮರುದಿನ ಏನಾಯಿತು ಅಂತ ಹೇಳಬೇಕಿಲ್ಲ. ಮುಂದೆ ಅದರ ಸ್ವಿಚ್ ರೂಪ ಯುಕ್ರೇನ್ ಯುದ್ಧದಿಂದಾಗಿ ಮುಂದಕ್ಕೆ ಹೋಗಿ 2023ರಲ್ಲಿ ಬಂತು.

ಐದು ಸೆಕೆಂಡಿನ ಆಟ

ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಎಲ್ಲರೂ ಹೊಗಳುವುದು 'ಮೆಟ್ರಾಯ್ಡ್ ಫ್ಯೂಷನ್' (2002) ಮತ್ತು 'ಕ್ಯಾಸಲ್‌ವೇನಿಯಾ: ಏರಿಯಾ ಆಫ್ ಸಾರೋ' (2003). ಎರಡೂ ಆಡಿ. ಭಯ ಬೇಕಾದರೆ ಫ್ಯೂಷನ್, ಕೊಂದ ರಾಕ್ಷಸನ ಶಕ್ತಿ ಕದಿಯುತ್ತಾ ಅಲೆಯಬೇಕಾದರೆ ಏರಿಯಾ. ಆದರೆ ಟಿವಿಗೆ ಹಾಕಿದರೂ ಎರಡೂ ಅಷ್ಟೇ ಚೆನ್ನಾಗಿರುತ್ತವೆ. ನನ್ನ ಜರಡಿಯಲ್ಲಿ ನಿಲ್ಲುವುದಿಲ್ಲ.

ನಿಲ್ಲುವುದು ಯಾರೂ ಗಂಭೀರವಾಗಿ ತೆಗೆದುಕೊಳ್ಳದ 'ವಾರಿಯೋವೇರ್' (2003). ಒಂದೊಂದು ಆಟ ನಾಲ್ಕೈದು ಸೆಕೆಂಡ್. ಪರದೆಯ ಮೇಲೆ ಒಂದೇ ಪದದ ಆಜ್ಞೆ ಬರುತ್ತದೆ. ಏನು ಮಾಡಬೇಕು ಅಂತ ಹೊಳೆಯುವಷ್ಟರಲ್ಲಿ ಮುಗಿದೇ ಹೋಯಿತು. ಒಂದರಲ್ಲಿ ಮೂಗಿನ ಹೊಳ್ಳೆಗೆ ಸರಿಯಾಗಿ ಬೆರಳು ತೂರಿಸಬೇಕು. ಅಷ್ಟೇ, ಅದೇ ಗೇಮ್. ಹಿಂದೆಯೇ ಇನ್ನೊಂದು, ಮತ್ತೊಂದು, ವೇಗ ಏರುತ್ತಲೇ ಹೋಗುತ್ತದೆ. ಸಿಗ್ನಲ್‌ನಲ್ಲಿ ಕ್ಯಾಬ್ ನಿಂತಾಗ ಹತ್ತು ಆಟ ಮುಗಿಸಬಹುದು. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಎಷ್ಟು ಹೊತ್ತಿನ ಆಟ ಬೇಕು ಅನ್ನುವ ಪ್ರಶ್ನೆಗೆ ಇದರಷ್ಟು ನೇರ ಉತ್ತರ ಬೇರೆ ಯಾರೂ ಕೊಟ್ಟಿಲ್ಲ.

ಎರಡು ಪರದೆ, ಒಂದು ಪೆನ್ನು

ನಿಂಟೆಂಡೊ ಡಿಎಸ್ (2004) ಮಾರಾಟವಾದದ್ದು 15 ಕೋಟಿಗೂ ಜಾಸ್ತಿ. ಅದರ ಗೇಮ್‌ಗಳನ್ನು ಇನ್ನೊಂದು ಯಂತ್ರಕ್ಕೆ ತರುವುದೇ ಕಷ್ಟ. ಇಲ್ಲಿ ನನ್ನ ಜರಡಿ ಎಲ್ಲವನ್ನೂ ಒಳಗೆ ಬಿಡುವ ಅಪಾಯ ಇದೆ, ಹಾಗಾಗಿ ಸ್ವಲ್ಪ ಬಿಗಿ ಮಾಡುತ್ತೇನೆ.

'ಫ್ಯಾಂಟಮ್ ಅವರ್‌ಗ್ಲಾಸ್' (2007) ಅನ್ನುವ ಜೆಲ್ಡಾದಲ್ಲಿ ಒಂದು ಒಗಟು. ಮೇಲಿನ ಪರದೆಯಲ್ಲಿ ಒಂದು ಮುದ್ರೆ, ಕೆಳಗಿನ ಪರದೆಯಲ್ಲಿ ನಕ್ಷೆ. ಮುದ್ರೆಯನ್ನು ನಕ್ಷೆಗೆ "ಒತ್ತು" ಅನ್ನುತ್ತದೆ ಗೇಮ್. ಪೆನ್ನಿನಿಂದ ಉಜ್ಜಿದರೂ ಇಲ್ಲ, ಬಟನ್ ಒತ್ತಿದರೂ ಇಲ್ಲ. ಬೇಜಾರಾಗಿ ಯಂತ್ರ ಮುಚ್ಚಿಟ್ಟು ಎದ್ದು ಹೋದವರು ಮತ್ತೆ ತೆರೆದರೆ ಒಗಟು ಬಿಡಿಸಿಹೋಗಿರುತ್ತದೆ! ಮುಚ್ಚುವುದೇ ಉತ್ತರ. ಮೇಲಿನ ಪರದೆ ಕೆಳಗಿನದಕ್ಕೆ ತಾಗಿ ಮುದ್ರೆ ಬಿತ್ತು. ಹ್ಯಾಂಡ್‌ಹೆಲ್ಡ್ ಇತಿಹಾಸದಲ್ಲಿ ಇದಕ್ಕಿಂತ ಜಾಣ ಕ್ಷಣ ನನಗೆ ಗೊತ್ತಿಲ್ಲ. ಆದರೆ ಆ ಒಂದು ಕ್ಷಣಕ್ಕಾಗಿ, ಅದೇ ದೇವಸ್ಥಾನಕ್ಕೆ ಗಡುವು ಇಟ್ಟುಕೊಂಡು ಮತ್ತೆ ಮತ್ತೆ ಇಳಿಸುವ ಇಡೀ ಗೇಮ್‌ಗೆ ಗ್ರೇಟ್ ಪಟ್ಟ ಕೊಡಲು ಮನಸ್ಸಿಲ್ಲ.

ಪಟ್ಟ ಸಿಗುವುದು 'ಮಾರಿಯೋ ಕಾರ್ಟ್ ಡಿಎಸ್'ಗೆ (2005). ಕಾರಣ ಟ್ರ್ಯಾಕ್‌ಗಳಲ್ಲ. ಒಬ್ಬರ ಹತ್ತಿರ ಗೇಮ್ ಕಾರ್ಡ್ ಇದ್ದರೆ ಸಾಕು, ಸುತ್ತ ಇರುವ ಇನ್ನೂ ಏಳು ಜನ ತಮ್ಮ ಖಾಲಿ ಡಿಎಸ್‌ಗೆ ಗೇಮ್ ಇಳಿಸಿಕೊಂಡು ರೇಸಿಗೆ ಸೇರಬಹುದು. ಕಾರ್ಡ್ ಇಲ್ಲದವರೆಲ್ಲ ಒಂದೇ ಪಾತ್ರ, ಶೈ ಗೈ. ಬಿಟ್ಟಿ ಬಂದವರಿಗೆ ಆಯ್ಕೆ ಎಲ್ಲಿಂದ ಬರಬೇಕು?

'ಗೋಸ್ಟ್ ಟ್ರಿಕ್' (2010) ಬಗ್ಗೆ ನನಗೆ ವಿಪರೀತ ಪ್ರೀತಿ. ಸತ್ತವನೇ ನಾಯಕ, ಸಾವಿನ ನಾಲ್ಕು ನಿಮಿಷ ಹಿಂದಕ್ಕೆ ಹೋಗಿ ಕುರ್ಚಿ, ದೀಪ, ಫೋನ್ ಒಳಗೆಲ್ಲ ಹೊಕ್ಕು ಸಾವನ್ನೇ ತಪ್ಪಿಸುತ್ತಾನೆ. ಆದರೆ 2023ರಲ್ಲಿ ಬೇರೆ ಯಂತ್ರಗಳಿಗೆ ಬಂದಾಗ ಏನೂ ಕಳೆದುಕೊಳ್ಳಲಿಲ್ಲ. ನಿಯಮ ಅಂದರೆ ನಿಯಮ, ಹೊರಗೆ. 'ದ ವರ್ಲ್ಡ್ ಎಂಡ್ಸ್ ವಿತ್ ಯೂ' (2007) ಅದಕ್ಕೆ ತದ್ವಿರುದ್ಧ. ಮೇಲಿನ ಪರದೆಯವರನ್ನು ಎಡಗೈಯಲ್ಲಿ, ಕೆಳಗಿನವನನ್ನು ಪೆನ್ನಿನಲ್ಲಿ, ಒಟ್ಟೊಟ್ಟಿಗೆ ಕಾದಾಡಿಸಬೇಕು. ಮೊಬೈಲ್‌ಗೆ, ಸ್ವಿಚ್‌ಗೆ ತಂದಾಗ ಆ ಜೋಡಿ ಕಾಳಗವೇ ಮಾಯ. ತಲೆ ಕೆಡುತ್ತದೆ, ಆದರೂ ಒಳಗೆ.

ಪಿಎಸ್‌ಪಿ: ಕ್ರೇಟೋಸ್ ವಿರುದ್ಧ ಟೈಗ್ರೆಕ್ಸ್

ಇಲ್ಲಿ ನನಗೆ ಬೈಗುಳ ಗ್ಯಾರಂಟಿ. ನಮ್ಮಲ್ಲಿ ಸೋನಿಯ ಅಂಗೈ ಯಂತ್ರ ಪಿಎಸ್‌ಪಿ ಇದ್ದವರಲ್ಲಿ ಕ್ರೇಟೋಸ್ ನಾಯಕನಾದ 'ಗಾಡ್ ಆಫ್ ವಾರ್: ಚೈನ್ಸ್ ಆಫ್ ಒಲಿಂಪಸ್' (2008) ಆಡದವರು ಸಿಗುವುದೇ ಕಷ್ಟ. ಆ ಗ್ರಾಫಿಕ್ಸ್ ನೋಡಿ ಬಾಯಿ ಬಿಟ್ಟದ್ದು ನಿಜ. ಆದರೆ 2011ರಲ್ಲಿ ಅದನ್ನೂ 'ಘೋಸ್ಟ್ ಆಫ್ ಸ್ಪಾರ್ಟಾ'ವನ್ನೂ ಟಿವಿಗೆ ಹಾಕುವ ಪಿಎಸ್3ಗೆ ತಂದಾಗ ಇನ್ನೂ ಚೆನ್ನಾಗಿ ಕಂಡವು. ಅಲ್ಲಿಗೆ ಉತ್ತರ ಸಿಕ್ಕಿತಲ್ವಾ? ಅದು ಜೇಬಿಗೆ ಇಳಿಸಿದ ಟಿವಿ ಗೇಮ್.

'ಮಾನ್‌ಸ್ಟರ್ ಹಂಟರ್ ಫ್ರೀಡಂ ಯುನೈಟ್' (2008) ಹಾಗಲ್ಲ. ಮೂಲ ಸರಣಿ ಪಿಎಸ್2ದೇ, ಆದರೆ ಜಪಾನಿನಲ್ಲಿ ಅದು ಹುಚ್ಚು ಹಿಡಿಸಿದ್ದು ಪಿಎಸ್‌ಪಿಗೆ ಬಂದ ಮೇಲೆ. ನಾಲ್ಕು ಜನ ಕೆಫೆಯಲ್ಲೋ ರೈಲಿನಲ್ಲೋ ಎದುರುಬದುರು ಕೂತು, ಇಂಟರ್ನೆಟ್ ಇಲ್ಲದೆ ವೈರ್‌ಲೆಸ್‌ನಲ್ಲೇ ಜೊತೆಯಾಗಿ ಬೇಟೆಗೆ ಹೋಗುತ್ತಾರೆ. ಬೇಟೆಯ ಗಡುವು ಸಾಮಾನ್ಯವಾಗಿ 50 ನಿಮಿಷ. ಪಿಎಸ್‌ಪಿಗೆ ಪಾತ್ರವನ್ನು ನಡೆಸುವ ಅನಲಾಗ್ ಸ್ಟಿಕ್ ಇದ್ದದ್ದು ಒಂದೇ. ಹೆಬ್ಬೆರಳು ಅದರ ಮೇಲಿದ್ದರೆ ಕ್ಯಾಮೆರಾ ತಿರುಗಿಸಲು ಬೆರಳೇ ಉಳಿಯುವುದಿಲ್ಲ. ಆಟಗಾರರು ಎಡಗೈ ತೋರುಬೆರಳನ್ನು ಕೊಕ್ಕೆಯಂತೆ ಬಗ್ಗಿಸಿ ಮೇಲಿನಿಂದ ದಿಕ್ಕಿನ ಬಟನ್ ಒತ್ತುವುದನ್ನು ಕಲಿತರು. ಟೈಗ್ರೆಕ್ಸ್ ಅನ್ನುವ ದೈತ್ಯ ಮೃಗ ನುಗ್ಗಿ ಬರುವಾಗ ಓಡುತ್ತಲೇ ಹಿಂದೆ ತಿರುಗಿ ನೋಡಬೇಕಾದರೆ ಬೇರೆ ದಾರಿಯೇ ಇಲ್ಲ. ಬೆರಳು ನೋಯುತ್ತದೆ. ನೋಯಿಸಿಕೊಂಡು ಆಡಿದವರ ಸಂಖ್ಯೆ ನೋಡಿದರೆ ಗೇಮ್‌ನ ಯೋಗ್ಯತೆ ಗೊತ್ತಾಗುತ್ತದೆ. ಮೂರನೇ ಪ್ರಶ್ನೆಯಲ್ಲಿ ಮಾತ್ರ ಎಡವುತ್ತದೆ, ಏನನ್ನೂ ವಿವರಿಸದ ಈ ಗೇಮನ್ನು ಇವತ್ತಿನ ಮಗು ಅರ್ಧ ಗಂಟೆಯಲ್ಲಿ ಬಿಟ್ಟೇಳಬಹುದು.

ಸಂಗೀತಕ್ಕೆ ತಕ್ಕಂತೆ ಚೌಕ ಜೋಡಿಸುವ 'ಲ್ಯೂಮಿನಿಸ್' (2004) ಬಗ್ಗೆ ಒಂದೇ ಮಾತು: ಹೆಡ್‌ಫೋನ್ ಹಾಕಿಕೊಂಡು ಆಡಿ.

ಹಾಗಾದರೆ ಯಾವುದನ್ನು ಹಿಡಿಯುವುದು?

ದಿನಕ್ಕೆ ಹತ್ತು ನಿಮಿಷ ಸಿಗುವವರಿಗೆ ಗೇಮ್ ಬಾಯ್ ಟೆಟ್ರಿಸ್ ಅಥವಾ ವಾರಿಯೋವೇರ್. ಕಥೆ ಬೇಕು, ಒಂದೇ ಗೇಮ್ ಆಡುತ್ತೇನೆ ಅನ್ನುವವರಿಗೆ ಲಿಂಕ್ಸ್ ಅವೇಕನಿಂಗ್, ಅದರಲ್ಲೂ 1998ರ ಬಣ್ಣದ ಡಿಎಕ್ಸ್ ರೂಪ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಪೋಕೆಮಾನ್, ಇಬ್ಬರಿಗೂ ಬೇರೆ ಬೇರೆ ವರ್ಷನ್. ಹಾಸ್ಟೆಲ್‌ನಲ್ಲಿ ಇರುವವರಿಗೆ ಮಾನ್‌ಸ್ಟರ್ ಹಂಟರ್, ಕೂಡಲು ಮೂವರು ಸಿಗುತ್ತಾರೆ. ಮೇಲಿನ ಎಲ್ಲದರಲ್ಲಿ ಒಂದನ್ನೇ ಉಳಿಸು ಅಂದರೆ ನಾನು ಟೆಟ್ರಿಸ್ ಉಳಿಸುತ್ತೇನೆ.

ಸಿಗುವುದು ಎಲ್ಲಿ? ಸ್ವಿಚ್ ಇದ್ದವರಿಗೆ ಸುಲಭ. 2023ರಿಂದ ನಿಂಟೆಂಡೊದ ಆನ್‌ಲೈನ್ ಚಂದಾದಲ್ಲಿ ಗೇಮ್ ಬಾಯ್ ಟೆಟ್ರಿಸ್, ಲಿಂಕ್ಸ್ ಅವೇಕನಿಂಗ್ ಡಿಎಕ್ಸ್ ಎರಡೂ ಇವೆ. ವಾರಿಯೋವೇರ್, ಮಿನಿಷ್ ಕ್ಯಾಪ್, ಫ್ಯೂಷನ್ ಅದೇ ಚಂದಾದ ದುಬಾರಿ ಪ್ಯಾಕ್‌ನಲ್ಲಿವೆ. ಡಿಎಸ್‌ನ ಮುಂದಿನ ಯಂತ್ರ 3ಡಿಎಸ್‌ನ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲೇ ಬಾಗಿಲು ಹಾಕಿತು, ಆ ದಾರಿ ಮರೆತುಬಿಡಿ.

ಹಳೆಯ ಯಂತ್ರವೇ ಬೇಕು ಅನ್ನುವವರು ಹೊರದೇಶದಿಂದ ಬರುವ ನೆಂಟರಿಗೆ ಹೇಳಿ ತರಿಸುವುದೋ, ಸೆಕೆಂಡ್ ಹ್ಯಾಂಡ್ ಹುಡುಕುವುದೋ ಮಾಡಬೇಕು. ಗೇಮ್ ಬಾಯ್ ಅಡ್ವಾನ್ಸ್ ತೆಗೆದುಕೊಳ್ಳುವುದಾದರೆ ಮಡಚುವ ಎಸ್‌ಪಿ ಮಾದರಿ ಕೊಳ್ಳಿ. ಮೊದಲ ಮಾದರಿಯ ಸ್ಕ್ರೀನ್‌ಗೆ ಲೈಟ್ ಇಲ್ಲ, ಸಂಜೆ ಆದರೆ ಆಟ ಬಂದ್. ಪೋಕೆಮಾನ್ ಗೋಲ್ಡ್ ಕಾರ್ಟ್ರಿಡ್ಜ್ ಸಿಕ್ಕರೆ ಮೊದಲು ಕೇಳಬೇಕಾದದ್ದು ಒಳಗಿನ ಗುಂಡು ಸೆಲ್ ಬದಲಿಸಿದ್ದಾರಾ ಅಂತ. ಗಡಿಯಾರವನ್ನೂ ಸೇವ್ ಅನ್ನೂ ಕಾಯುವುದು ಅದೇ ಸೆಲ್. ಅದು ಸತ್ತರೆ ಆಫ್ ಮಾಡಿದ ಕೂಡಲೇ ಸೇವ್ ಹೋಗುತ್ತದೆ. ಬೆಸುಗೆ ಹಾಕಲು ಬರುವ ಮೊಬೈಲ್ ರಿಪೇರಿಯವರು ಬದಲಿಸಿಕೊಡಬಹುದು, ಆದರೆ ಸೆಲ್ ತೆಗೆದಾಗ ಹಳೆಯ ಸೇವ್ ಅಳಿಸಿಹೋಗುತ್ತದೆ.

ಫೈರ್‌ರೆಡ್, ಎಮರಾಲ್ಡ್ ಹೆಸರಿನಲ್ಲಿ ನಕಲಿ ಕಾರ್ಟ್ರಿಡ್ಜ್‌ಗಳು ರಾಶಿ ಇವೆ. ಕೆಳಗಿನ ತೆರೆದ ಭಾಗದಲ್ಲಿ ಚಿನ್ನದ ಬಣ್ಣದ ಹಲ್ಲುಗಳ ಮೇಲೆ, ಸರ್ಕ್ಯೂಟ್ ಬೋರ್ಡಿನ ಅಂಚಿನಲ್ಲಿ ನಿಂಟೆಂಡೊ ಹೆಸರು ಕಾಣಬೇಕು. ಅಸಲಿ ಲೇಬಲ್ ಮೇಲೆ ಒತ್ತಿ ಮೂಡಿಸಿದ ಚಿಕ್ಕ ಅಂಕಿ ಇರುತ್ತದೆ, ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ. ಎರಡೂ ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಅಂಥವು ಕಥೆ ಮುಗಿಯುವ ಹೊತ್ತಿಗೆ ಸೇವ್ ನುಂಗಿಕೊಂಡು ಕೂರುತ್ತವೆ.